ಕೂಲರ್ ಇನ್ನೂ ಬಂದಿಲ್ಲ, ಉಳಿದದ್ದನ್ನೆಲ್ಲ ಜೋಡಿಸಿಬಿಡಬಹುದೇ?

ಪ್ರಶ್ನೆ: ನಮಸ್ಕಾರ ಸರ್. ನಾನು ದಾವಣಗೆರೆಯಲ್ಲಿ ಹೈಸ್ಕೂಲು ಮೇಷ್ಟ್ರು. ಮಗಳು ಆರ್ಕಿಟೆಕ್ಚರ್ ಎರಡನೇ ವರ್ಷದಲ್ಲಿದ್ದಾಳೆ. ಅವಳ ಲ್ಯಾಪ್‌ಟಾಪ್ ದೊಡ್ಡ ಡ್ರಾಯಿಂಗ್ ತೆರೆದರೆ ಸಾಕು, ನಿಂತೇ ಹೋಗುತ್ತದೆ. ಹಾಗಾಗಿ ಬಿಡಿಭಾಗಗಳನ್ನು ತಂದು ನಾವಿಬ್ಬರೇ ಡೆಸ್ಕ್‌ಟಾಪ್ ಜೋಡಿಸೋಣ ಎಂದು ಹೊರಟೆವು. ರೈಜನ್ 5 7600ಎಕ್ಸ್ ಪ್ರೊಸೆಸರ್ ಮತ್ತು ಕ್ಯಾಬಿನೆಟ್ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡೆ. ಬಿ650 ಮದರ್‌ಬೋರ್ಡ್, 16 ಜಿಬಿಯ ಎರಡು ಡಿಡಿಆರ್5 ರ‍್ಯಾಮ್, 1 ಟಿಬಿ ಎಸ್‌ಎಸ್‌ಡಿ, 650 ವ್ಯಾಟ್ ಎಸ್‌ಎಂಪಿಎಸ್ (ಕರೆಂಟ್ ಪೂರೈಸುವ ಪೆಟ್ಟಿಗೆ) ಆನ್‌ಲೈನ್‌ನಲ್ಲಿ ಬಂದವು. ಗ್ರಾಫಿಕ್ಸ್ ಕಾರ್ಡ್ ಮುಂದಿನ ವರ್ಷಕ್ಕೆ ಇಟ್ಟುಕೊಂಡಿದ್ದೇವೆ. ಪ್ರೊಸೆಸರ್ ಪೆಟ್ಟಿಗೆ ಬಿಚ್ಚಿ ನೋಡಿದರೆ ಒಳಗೆ ಫ್ಯಾನೇ ಇಲ್ಲ. ಅಂಗಡಿಗೆ ಫೋನ್ ಮಾಡಿದರೆ ‘ಇದಕ್ಕೆ ಬರಲ್ಲ ಸಾರ್’ ಅಂದರು. ನನಗೆ ಮೋಸವಾಯಿತೇ ಎಂಬ ಅನುಮಾನ. ಬೇರೆ ಕೂಲರ್ ಆರ್ಡರ್ ಮಾಡಿದ್ದೇನೆ, ಬರಲು 12 ದಿನ ಅಂತೆ. ಆದರೆ ಮದರ್‌ಬೋರ್ಡ್ ಕೆಟ್ಟಿದ್ದರೆ ಬದಲಿಸಿಕೊಡುವ ಅವಧಿ 7 ದಿನ ಮಾತ್ರ. ಅದರಲ್ಲಿ 3 ಆಗಲೇ ಕಳೆದವು. ಅಣ್ಣನ ಮಗ ‘ಎರಡು ನಿಮಿಷ ಆನ್ ಮಾಡಿ ನೋಡು ಚಿಕ್ಕಪ್ಪ, ಏನೂ ಆಗಲ್ಲ’ ಅನ್ನುತ್ತಾನೆ. ಇಲ್ಲಿನ ಕಂಪ್ಯೂಟರ್ ಅಂಗಡಿಯವರು ‘ಕೂಲರ್ ಇಲ್ಲದೆ ಆನ್ ಮಾಡಿದರೆ ಆ ಕ್ಷಣವೇ ಸುಟ್ಟುಹೋಗುತ್ತೆ’ ಅನ್ನುತ್ತಾರೆ. ಬಿಚ್ಚಿಟ್ಟ ಬೋರ್ಡು ಗಾಳಿಗೆ ಹಾಳಾಗುತ್ತದೆ ಎಂದೂ ಒಬ್ಬರು ಹೆದರಿಸಿದರು. ಅಣ್ಣನ ಮಗನ ಹಳೆಯ ರೈಜನ್ 5 2600 ಮಷೀನ್‌ನಲ್ಲಿ ಒಂದು ಕೂಲರ್ ಇದೆ, ಅದು ನಮ್ಮದಕ್ಕೆ ಕೂರುತ್ತದೆಯೇ? ಈಗ ಏನು ಮಾಡಲಿ?

ಉತ್ತರ: ಮೇಷ್ಟ್ರೇ, ಮೊದಲು ಅನುಮಾನ ಬಗೆಹರಿಸಿಬಿಡೋಣ. ನಿಮಗೆ ಮೋಸವಾಗಿಲ್ಲ. 7600ಎಕ್ಸ್ 2022ರ ಸೆಪ್ಟೆಂಬರಿನಲ್ಲಿ ಮಾರುಕಟ್ಟೆಗೆ ಬಂದಾಗಿನಿಂದಲೂ ಪೆಟ್ಟಿಗೆಯಲ್ಲಿ ಕೂಲರ್ ಇಲ್ಲದೆಯೇ ಬರುತ್ತಿದೆ. 2023ರ ಜನವರಿಯಲ್ಲಿ ‘ಎಕ್ಸ್’ ಇಲ್ಲದ 7600 ಬಂತು. ಅದರ ಪೆಟ್ಟಿಗೆಯಲ್ಲಿ ಮಾತ್ರ ರೇತ್ ಸ್ಟೆಲ್ತ್ ಎಂಬ ಪುಟ್ಟ ಕೂಲರ್ ಇರುತ್ತದೆ. ಎರಡಕ್ಕೂ ವ್ಯತ್ಯಾಸ ಒಂದೇ ಅಕ್ಷರ. ಎಕ್ಸ್ ಇಲ್ಲದ್ದು 65 ವ್ಯಾಟ್ ಲೆಕ್ಕದ್ದು, ನಿಮ್ಮದು 105 ವ್ಯಾಟ್ ಲೆಕ್ಕದ್ದು. ಹೆಚ್ಚು ಬಿಸಿಯಾಗುವ ಪ್ರೊಸೆಸರಿಗೆ ಕೊಳ್ಳುವವರೇ ದೊಡ್ಡ ಕೂಲರ್ ಆರಿಸಿಕೊಳ್ಳಲಿ ಎಂದು ತಯಾರಿಸುವ ಎಎಂಡಿ ಕಂಪನಿ ಬಿಟ್ಟಿದೆ. ಅಂಗಡಿಯವರು ಮಾರುವಾಗಲೇ ಈ ಮಾತು ಹೇಳಬೇಕಿತ್ತು, ಅಷ್ಟು ನಿಜ. ನನ್ನ ಬಳಿಗೆ ಹೀಗೆ ‘ಫ್ಯಾನ್ ಕಾಣೆಯಾಗಿದೆ’ ಎಂದು ಬರುವವರಲ್ಲಿ ಹೆಚ್ಚಿನವರ ಕೈಯಲ್ಲಿರುವುದು ಎಕ್ಸ್ ಪೆಟ್ಟಿಗೆಯೇ.

ಇನ್ನು ಉಳಿದದ್ದು ಎರಡು ಚಿಂತೆ. ಆನ್ ಮಾಡಿದರೆ ಏನಾಗುತ್ತದೆ ಎಂಬುದು ಒಂದು, ದಿನ ಓಡಿಹೋಗುತ್ತಿವೆ ಎಂಬುದು ಇನ್ನೊಂದು. ನಿಮ್ಮ ಪತ್ರದಲ್ಲಿ ಇವೆರಡೂ ಸೇರಿ ಒಂದೇ ಗಾಬರಿಯಾಗಿವೆ. ಜೋಡಿಸುವುದು ಬೇರೆ, ಕರೆಂಟ್ ಕೊಡುವುದು ಬೇರೆ. ಜೋಡಿಸುವ ಕೆಲಸದಲ್ಲಿ ಬಹುಪಾಲನ್ನು ಇವತ್ತೇ ಶುರುಮಾಡಬಹುದು. ಯಂತ್ರವನ್ನು ಆನ್ ಮಾಡುವುದನ್ನು ಮಾತ್ರ ಕೂಲರ್ ಕೂರುವ ತನಕ ತಡೆಯಿರಿ.

‘ಆ ಕ್ಷಣವೇ ಸುಟ್ಟುಹೋಗುತ್ತೆ’ ಎಂಬ ಮಾತು ಸುಳ್ಳಲ್ಲ, ಹಳೆಯದು. 2001ರ ಸುಮಾರಿನ ಎಎಂಡಿ ಅಥ್ಲಾನ್ ಪ್ರೊಸೆಸರುಗಳು ಹೀಟ್‌ಸಿಂಕ್ (ಕೂಲರಿನ ಲೋಹದ ಭಾಗ) ಕಿತ್ತರೆ ಕೆಲವೇ ಕ್ಷಣಗಳಲ್ಲಿ ಹೊಗೆಯಾಡಿ ಸಾಯುತ್ತಿದ್ದವು. ಅದೇ ಕಾಲದ ಪೆಂಟಿಯಮ್ 4 ತನ್ನ ವೇಗ ತಗ್ಗಿಸಿಕೊಂಡು ಬದುಕಿಕೊಳ್ಳುತ್ತಿತ್ತು. ಆ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದ ವಿಡಿಯೊ ಆಗ ಜಗತ್ತೆಲ್ಲ ಸುತ್ತಿತ್ತು. ನಮ್ಮ ಕಸುಬಿನವರ ತಲೆಯಲ್ಲಿ ಆ ಹೊಗೆ ಇನ್ನೂ ಕೂತಿದೆ. ನಿಮ್ಮೂರಿನ ಅಂಗಡಿಯವರಿಗೆ ಅನುಭವವಿದೆ ಎಂದೇ ಅವರು ಆ ಮಾತು ಆಡಿದ್ದಾರೆ.

ಈಗಿನ ಪ್ರೊಸೆಸರಿನ ಒಳಗೆ ಬಿಸಿ ಅಳೆಯುವ ಸಂವೇದಕಗಳಿವೆ. 7600ಎಕ್ಸ್‌ಗೆ ಕಂಪನಿ ಹಾಕಿರುವ ಮೇಲ್ಮಿತಿ 95 ಡಿಗ್ರಿ ಸೆಲ್ಸಿಯಸ್. ಅಲ್ಲಿಗೆ ಮುಟ್ಟಿದರೆ ವೇಗ ತಾನಾಗಿ ಇಳಿಯುತ್ತದೆ. ಅದಕ್ಕೂ ಬಗ್ಗದಿದ್ದರೆ ಯಂತ್ರವೇ ಆಫ್ ಆಗುತ್ತದೆ. ಆದ್ದರಿಂದ ಯಾರಾದರೂ ಒಮ್ಮೆ ಮರೆತು ಕೂಲರ್ ಇಲ್ಲದೆ ಗುಂಡಿ ಒತ್ತಿದರೆ ಪ್ರೊಸೆಸರ್ ಸತ್ತೇಹೋಯಿತು ಎಂದು ಅಳಬೇಕಾಗಿಲ್ಲ. ಹೆಚ್ಚಿನ ಸಲ ಅದು ಉಳಿದುಕೊಳ್ಳುತ್ತದೆ.

ಹಾಗಾದರೆ ಅಣ್ಣನ ಮಗ ಹೇಳಿದ್ದು ಸರಿಯೇ? ಅಲ್ಲ. ಅವನು ‘ಏನೂ ಆಗಲ್ಲ’ ಅನ್ನುತ್ತಿದ್ದಾನೆ. ನನ್ನ ಆಕ್ಷೇಪ ಬೇರೆ ಕಡೆಗಿದೆ: ಆ ಎರಡು ನಿಮಿಷದಲ್ಲಿ ನಿಮಗೆ ಏನೂ ತಿಳಿಯುವುದಿಲ್ಲ. ಡಿಡಿಆರ್5 ರ‍್ಯಾಮ್ ಹಾಕಿದ ಬೋರ್ಡು ಮೊದಲ ಸಲ ಆನ್ ಆದಾಗ ರ‍್ಯಾಮಿನ ಜೊತೆ ಹೊಂದಾಣಿಕೆ ಮಾಡಿಕೊಳ್ಳುತ್ತ ಕೂರುತ್ತದೆ. ಇದನ್ನು ಮೆಮೊರಿ ಟ್ರೈನಿಂಗ್ ಅನ್ನುತ್ತಾರೆ. ನಿಮ್ಮದರಂಥ ಎಎಂ5 (ಪ್ರೊಸೆಸರ್ ಕೂರುವ ಸಾಕೆಟ್ಟಿನ ಹೆಸರು) ಬೋರ್ಡುಗಳಲ್ಲಿ ಇದಕ್ಕೆ ಹಲವು ನಿಮಿಷ ಹಿಡಿಯುವುದುಂಟು. ಅಷ್ಟು ಹೊತ್ತೂ ಪರದೆ ಕಪ್ಪಗೇ ಇರುತ್ತದೆ. ಇತ್ತ ಹೀಟ್‌ಸಿಂಕ್ ಇಲ್ಲದ ಪ್ರೊಸೆಸರ್ ಅದಕ್ಕೂ ಮೊದಲೇ ಬಿಸಿಯೇರಿ ಆಫ್ ಆಗಬಹುದು. ಪರದೆ ಕಪ್ಪಗಿದೆ. ಬೋರ್ಡು ಕೆಟ್ಟಿದೆಯೇ? ರ‍್ಯಾಮ್ ಹೊಂದಿಕೊಳ್ಳುತ್ತಿದೆಯೇ? ಪ್ರೊಸೆಸರ್ ಬಿಸಿಗೆ ನಿಂತಿತೇ? ಮೂರಕ್ಕೂ ಕಾಣುವುದು ಅದೇ ಕಪ್ಪು ಪರದೆ. ಯಾವ ಪರೀಕ್ಷೆಗಾಗಿ ಆನ್ ಮಾಡಿದಿರೋ ಆ ಪರೀಕ್ಷೆಯೇ ನಡೆದಿರುವುದಿಲ್ಲ.

ಆಮೇಲೆ ಶುರುವಾಗುವುದೇ ನಿಜವಾದ ಅಪಾಯ. ಪರದೆ ಬರಲಿಲ್ಲ ಎಂದು ರ‍್ಯಾಮ್ ಕಿತ್ತು ಹಾಕುತ್ತೀರಿ. ಇನ್ನೊಮ್ಮೆ ಆನ್. ಸರಿಹೋಗಲಿಲ್ಲ ಎಂದು ಪ್ರೊಸೆಸರನ್ನೇ ಎತ್ತಿ ನೋಡುತ್ತೀರಿ. ಎಎಂ5 ಸಾಕೆಟ್ಟಿನಲ್ಲಿ 1718 ಸಣ್ಣ ಸ್ಪ್ರಿಂಗ್ ಸಂಪರ್ಕಗಳಿವೆ, ಅವು ಇರುವುದು ಬೋರ್ಡಿನ ಮೇಲೆ. ಪ್ರೊಸೆಸರ್ ಬೆರಳಿನಿಂದ ಜಾರಿ ಮೂಲೆ ತಾಗಿದರೆ ನಾಲ್ಕೈದು ಒಟ್ಟಿಗೆ ಬಾಗುತ್ತವೆ. ಬಾಗಿದ ಸಂಪರ್ಕ ಇರುವ ಬೋರ್ಡನ್ನು ಯಾವ ಮಾರಾಟಗಾರರೂ ವಾಪಸು ತೆಗೆದುಕೊಳ್ಳುವುದಿಲ್ಲ. ಸರ್ವಿಸ್ ಸೆಂಟರಿನಲ್ಲಿ ಮೊದಲು ನೋಡುವುದೇ ಅದನ್ನು. ನನ್ನ ಮೇಜಿನ ಮೇಲೆ ಬಂದ ಹೊಸ ಬೋರ್ಡುಗಳಲ್ಲಿ ಬಿಸಿಗೆ ಸತ್ತದ್ದನ್ನು ನಾನು ಕಂಡ ನೆನಪಿಲ್ಲ. ಗಾಬರಿಯಲ್ಲಿ ಬಿಚ್ಚಿ ಹಾಕಿ ಸಾಕೆಟ್ ಕೆಡಿಸಿಕೊಂಡು ಬಂದವನ್ನು ಬೇಕಾದಷ್ಟು ಕಂಡಿದ್ದೇನೆ.

ಮೇಜಿನ ಫ್ಯಾನನ್ನು ಪ್ರೊಸೆಸರಿನತ್ತ ತಿರುಗಿಸಿಟ್ಟರೆ ಸಾಲದೇ ಎಂದೂ ಕೆಲವರು ಕೇಳುತ್ತಾರೆ. ಸಾಲದು. ಬಿಸಿಯನ್ನು ಹೊರಗೆ ಹರಡುವುದು ಹೀಟ್‌ಸಿಂಕಿನ ರೆಕ್ಕೆಗಳು. ಗಾಳಿ ಆ ರೆಕ್ಕೆಗಳನ್ನು ತಣಿಸುತ್ತದೆ. ಅಂಗೈಗಿಂತ ಚಿಕ್ಕದಾದ ಲೋಹದ ಮುಚ್ಚಳಕ್ಕೆ ಎಷ್ಟು ಗಾಳಿ ಬೀಸಿದರೂ ಅಷ್ಟು ಬಿಸಿ ಬಿಡುಗಡೆಯಾಗುವುದಿಲ್ಲ.

ಈಗ ನಿಮ್ಮ ಕೈಯಲ್ಲಿರುವ ಒಳ್ಳೆಯ ದಾರಿಗೆ ಬರುತ್ತೇನೆ. ಅದು ಅಣ್ಣನ ಮಗನ ಹಳೆಯ ಮಷೀನು. ರೈಜನ್ 5 2600 ಪೆಟ್ಟಿಗೆಯಲ್ಲಿ ಬರುತ್ತಿದ್ದದ್ದೂ ರೇತ್ ಸ್ಟೆಲ್ತ್ ಕೂಲರೇ. ನಾಲ್ಕು ಮೂಲೆಗೆ ನಾಲ್ಕು ಸ್ಪ್ರಿಂಗ್ ಸ್ಕ್ರೂ, ನಡುವೆ ಅಲ್ಯೂಮಿನಿಯಂ ಗಡ್ಡೆ, ಮೇಲೆ ಫ್ಯಾನು. ಅವನ ಹತ್ತಿರ ಇರುವುದು ಅದೇ ಆಗಿದ್ದರೆ ನಿಮ್ಮ ಬೋರ್ಡಿಗೂ ಕೂರುತ್ತದೆ. ಅವನ ಮಷೀನಿನಲ್ಲಿರುವ ಎಎಂ4 ಎಂಬ ಹಿಂದಿನ ಸಾಕೆಟ್ಟಿನ ಕೂಲರುಗಳು ಎಎಂ5ಗೂ ಹೊಂದಲಿ ಎಂದೇ ಎಎಂಡಿ ತೂತುಗಳ ಅಳತೆಯನ್ನು ಬದಲಿಸಲಿಲ್ಲ. ಒಂದೇ ಷರತ್ತು: ಬೋರ್ಡಿನ ಹಿಂದಿನ ಲೋಹದ ಫಲಕವನ್ನು ತೆಗೆದು ತನ್ನದೇ ಫಲಕ ಹಾಕಿಸಿಕೊಳ್ಳುವ ಕೂಲರ್ ಆಗಿರಬಾರದು. ಎಎಂ5ರಲ್ಲಿ ಆ ಫಲಕ ಸಾಕೆಟ್ಟಿಗೇ ಬಿಗಿದಿರುತ್ತದೆ, ಅದನ್ನು ಬಿಚ್ಚುವ ಹಾಗಿಲ್ಲ. ರೇತ್ ಸ್ಟೆಲ್ತ್‌ಗೆ ಆ ತೊಂದರೆ ಇಲ್ಲ. ಇಂಟೆಲ್ ಕಡೆಯವರಿಗೆ ಇಷ್ಟು ಸುಲಭವಿಲ್ಲ. 2021ರ ಕೊನೆಯಲ್ಲಿ ಎಲ್‌ಜಿಎ1700 ಸಾಕೆಟ್ ಬಂದಾಗ ತೂತುಗಳ ನಡುವಿನ ಅಂತರ 75 ಮಿಲಿಮೀಟರಿನಿಂದ 78ಕ್ಕೆ ಹೋಯಿತು, ಹಳೆಯ ಕೂಲರುಗಳಿಗೆ ಹೊಸ ಬ್ರ್ಯಾಕೆಟ್ ಬೇಕಾಯಿತು. ಮೂರೇ ಮಿಲಿಮೀಟರು ತಾನೇ ಎಂದು ಎಳೆದು ಬಿಗಿಯಲು ಹೋದವರೂ ಇದ್ದಾರೆ. ಅದನ್ನು ಯಾರೂ ಮಾಡಬೇಡಿ.

ಹಳೆಯ ಕೂಲರನ್ನು ಕೀಳುವಾಗ ಎಚ್ಚರ ಬೇಕು. ಈ ಒಂದು ಕೆಲಸವನ್ನು ನಿಧಾನವಾಗಿ ಮಾಡಿ. ಎಎಂ4 ಪ್ರೊಸೆಸರಿನ ತಳದಲ್ಲಿ 1331 ಪಿನ್ನುಗಳಿವೆ, ಅವನ್ನು ಹಿಡಿದಿರುವ ಸಾಕೆಟ್ಟಿನ ಹಿಡಿತ ಸಡಿಲ. ಪ್ರೊಸೆಸರಿನಿಂದ ಕೂಲರಿಗೆ ಬಿಸಿ ದಾಟಿಸಲು ನಡುವೆ ಹಚ್ಚಿದ ಪೇಸ್ಟು ವರ್ಷಗಟ್ಟಲೆ ಕೂತು ಒಣಗಿ ಅಂಟಿನಂತಾಗಿರುತ್ತದೆ. ತಣ್ಣಗಿರುವಾಗ ಕೂಲರನ್ನು ನೇರವಾಗಿ ಮೇಲಕ್ಕೆ ಎಳೆದರೆ ಪ್ರೊಸೆಸರೂ ಅದರ ಬೆನ್ನಿಗೆ ಅಂಟಿಕೊಂಡು ಸಾಕೆಟ್ಟಿನಿಂದ ಕಿತ್ತು ಬರುತ್ತದೆ, ಪಿನ್ನುಗಳು ಸೊಟ್ಟಗಾಗುತ್ತವೆ. ಆದ್ದರಿಂದ ಮೊದಲು ಆ ಮಷೀನನ್ನು ಆನ್ ಮಾಡಿ, ಹತ್ತು ಹದಿನೈದು ನಿಮಿಷ ಭಾರದ ಕೆಲಸವೇನಾದರೂ ಮಾಡಿಸಿ. ಪೇಸ್ಟು ಮೆತ್ತಗಾಗುತ್ತದೆ. ಆಮೇಲೆ ಆಫ್ ಮಾಡಿ, ಪ್ಲಗ್ ಕಿತ್ತು, ಸ್ಕ್ರೂಗಳನ್ನು ಎದುರುಬದುರು ಮೂಲೆಯಂತೆ ಸ್ವಲ್ಪಸ್ವಲ್ಪವೇ ಸಡಿಲಿಸಿ. ಬೋರ್ಡಿನ ಹಿಂದೆ ಒಂದು ಕೈ ಇರಲಿ. ಎಎಂ4ರಲ್ಲಿ ಸ್ಕ್ರೂ ಬಿಟ್ಟೊಡನೆ ಹಿಂದಿನ ಫಲಕ ಕಳಚಿ ಬೀಳುತ್ತದೆ. ಸ್ಕ್ರೂ ಪೂರ್ತಿ ಬಿಟ್ಟ ಮೇಲೂ ಎತ್ತಬೇಡಿ. ಡಬ್ಬಿಯ ಮುಚ್ಚಳ ತಿರುಗಿಸುವ ಹಾಗೆ ಅತ್ತ ಇತ್ತ ಮೆಲ್ಲಗೆ ತಿರುಗಿಸಿ. ಅಂಟು ಬಿಟ್ಟದ್ದು ಕೈಗೇ ತಿಳಿಯುತ್ತದೆ, ಒಮ್ಮೆಗೇ ಹಗುರಾಗಿ ಜಾರುತ್ತದೆ. ಆಗ ಎತ್ತಿ. ಅವನ ಮಷೀನಿನ ಸ್ವಿಚ್ಚಿನ ಮೇಲೆ ‘ಕೂಲರ್ ಇಲ್ಲ, ಆನ್ ಮಾಡಬೇಡಿ’ ಎಂದು ಚೀಟಿ ಅಂಟಿಸಿ. ಮನೆಯಲ್ಲಿ ಯಾರಾದರೂ ಮರೆತು ಒತ್ತುವುದುಂಟು.

ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಎಲೆಕ್ಟ್ರಾನಿಕ್ಸ್ ಬಿಡಿಭಾಗದ ಅಂಗಡಿಯಲ್ಲಿ ‘ಐಪಿಎ’ ಎಂದು ಕೇಳಿದರೆ ಕೊಡುತ್ತಾರೆ. ಹೊಸ ಪೇಸ್ಟನ್ನೂ ಅಲ್ಲೇ ತನ್ನಿ. ಟ್ರಾನ್ಸಿಸ್ಟರಿಗೆ ಹಚ್ಚುವ ಬಿಳಿ ಹೀಟ್‌ಸಿಂಕ್ ಪೇಸ್ಟ್ ಸಿಕ್ಕರೂ ಈ ಕೆಲವು ದಿನಕ್ಕೆ ಸಾಕು. ಹಲ್ಲುಜ್ಜುವ ಪೇಸ್ಟು ಮಾತ್ರ ಬೇಡ. ಅದರಲ್ಲಿ ನೀರಿದೆ, ಒಣಗಿದ ಮೇಲೆ ಬಿರುಕುಬಿಡುತ್ತದೆ. ಹಾಕುವ ಪ್ರಮಾಣ ನಡುವೆ ಒಂದು ಕಡಲೆಕಾಳಿಗಿಂತ ಚಿಕ್ಕ ಉಂಡೆ, ಅಷ್ಟೇ. ನಿಮ್ಮ ಪ್ರೊಸೆಸರಿನ ಲೋಹದ ಮುಚ್ಚಳಕ್ಕೆ ಸುತ್ತ ಕಚ್ಚುಗಳಿವೆ. ಹೆಚ್ಚು ಹಾಕಿದರೆ ಪೇಸ್ಟು ಅಲ್ಲಿಗೆ ಇಳಿದು ಸಣ್ಣ ಕೆಪಾಸಿಟರುಗಳ ಸುತ್ತ ಕೂರುತ್ತದೆ. ಸಾಮಾನ್ಯ ಪೇಸ್ಟಾದರೆ ಕೆಡುವುದೇನಿಲ್ಲ, ಆದರೆ ತೆಗೆಯುವಾಗ ಪ್ರಾಣ ಹೋಗುತ್ತದೆ.

ಇನ್ನು ನಿಮ್ಮ ಬೋರ್ಡಿನ ಕಡೆ. ಬೋರ್ಡನ್ನು ಅದರದೇ ರಟ್ಟಿನ ಪೆಟ್ಟಿಗೆಯ ಮೇಲಿಟ್ಟುಕೊಂಡು ಕೆಲಸ ಮಾಡಿ, ಕ್ಯಾಬಿನೆಟ್ಟಿಗೆ ಆಮೇಲೆ ಹಾಕಿ. ಬೋರ್ಡು ಬಂದ ಬೆಳ್ಳಿ ಬಣ್ಣದ ಚೀಲದ ಮೇಲಿಟ್ಟು ಕರೆಂಟ್ ಕೊಡಬೇಡಿ, ಅದರ ಮೇಲ್ಮೈಯಲ್ಲಿ ವಿದ್ಯುತ್ ಅಲ್ಪಸ್ವಲ್ಪ ಹರಿಯುತ್ತದೆ. ಸಾಕೆಟ್ಟಿನ ಸನ್ನೆ ಎತ್ತಿ, ಪ್ರೊಸೆಸರಿನ ಮೂಲೆಯ ತ್ರಿಕೋನ ಗುರುತನ್ನು ಸಾಕೆಟ್ಟಿನ ತ್ರಿಕೋನಕ್ಕೆ ಹೊಂದಿಸಿ, ಕೈಬಿಡಿ. ಒತ್ತಬೇಡಿ. ಸನ್ನೆ ಇಳಿಸುವಾಗ ಬಲ ಬೇಕು, ಕಿರ್ರೆಂಬ ಸದ್ದೂ ಬರುತ್ತದೆ. ಮೊದಲ ಸಲ ಕೇಳಿದವರಿಗೆ ಎದೆ ಝಲ್ಲೆನ್ನುತ್ತದೆ. ಅದು ಹಾಗೇ ಇರುತ್ತದೆ, ಹೆದರಬೇಡಿ. ಆಗ ಮೇಲಿನ ಕಪ್ಪು ಪ್ಲಾಸ್ಟಿಕ್ ಮುಚ್ಚಳ ತಾನಾಗಿ ಚಿಮ್ಮುತ್ತದೆ. ಅದನ್ನು ಎಸೆಯದೆ ಪೆಟ್ಟಿಗೆಯಲ್ಲಿಡಿ. ಮುಂದೆ ಬೋರ್ಡನ್ನು ವಾರಂಟಿಗೆ ಕೊಡಬೇಕಾದರೆ ಆ ಮುಚ್ಚಳ ಇಲ್ಲದೆ ತೆಗೆದುಕೊಳ್ಳದೇ ಇರಬಹುದು. ರ‍್ಯಾಮ್ ಎರಡನ್ನೂ ಪ್ರೊಸೆಸರಿನಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿಗೆ ಹಾಕಿ. ಎಸ್‌ಎಸ್‌ಡಿಯ ಪುಟ್ಟ ಸ್ಕ್ರೂ ಬೋರ್ಡಿನ ಪೆಟ್ಟಿಗೆಯ ಸಣ್ಣ ಪೊಟ್ಟಣದಲ್ಲಿರುತ್ತದೆ, ಕಳೆದುಹೋಗುವುದರಲ್ಲಿ ಅದೇ ಮೊದಲನೆಯದು.

ಸಾಕೆಟ್ಟಿನ ಎರಡು ಬದಿಗಿರುವ ಪ್ಲಾಸ್ಟಿಕ್ ಬ್ರ್ಯಾಕೆಟ್ಟುಗಳನ್ನು ನಾಲ್ಕು ಸ್ಕ್ರೂ ಬಿಚ್ಚಿ ತೆಗೆದರೆ ರೇತ್ ಸ್ಟೆಲ್ತ್ ನೇರವಾಗಿ ಹಿಂದಿನ ಫಲಕಕ್ಕೆ ಕೂರುತ್ತದೆ. ಆ ಬ್ರ್ಯಾಕೆಟ್ಟು, ಸ್ಕ್ರೂಗಳನ್ನು ಜೋಪಾನ ಮಾಡಿ. 12 ದಿನದ ನಂತರ ಬರುವ ನಿಮ್ಮ ಕೂಲರಿಗೆ ಅವೇ ಬೇಕಾಗಬಹುದು. ಸ್ಕ್ರೂಗಳನ್ನು ಎದುರುಬದುರು ಮೂಲೆಯಂತೆ ಅರ್ಧರ್ಧ ಸುತ್ತು ಬಿಗಿಯುತ್ತ ಹೋಗಿ. ಫ್ಯಾನಿನ ವೈರು ‘ಸಿಪಿಯು ಫ್ಯಾನ್’ ಎಂದು ಬರೆದ ಪಿನ್ನಿಗೇ ಹೋಗಬೇಕು.

ಕರೆಂಟ್ ಕೊಡುವ ಮುಂಚೆ ಒಂದು ಮಾತು. ಮನೆಯ ಆ ಪ್ಲಗ್ಗಿಗೆ ಸರಿಯಾದ ಅರ್ತಿಂಗ್ ಇದೆಯೇ? ಹಳೆಯ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇರುತ್ತದೆ, ಅರ್ತ್ ವೈರು ಮಾತ್ರ ಎಲ್ಲಿಗೂ ಹೋಗಿರುವುದಿಲ್ಲ. ಕ್ಯಾಬಿನೆಟ್ ಮುಟ್ಟಿದಾಗ ಜುಮ್ಮೆನ್ನುವುದು ಇದರಿಂದಲೇ. ಎಸ್‌ಎಂಪಿಎಸ್ ಒಳಗೆ ವಿದ್ಯುತ್ತಿನ ಗದ್ದಲ ಸೋಸುವ ಕೆಪಾಸಿಟರುಗಳು ಫೇಸಿನಿಂದಲೂ ನ್ಯೂಟ್ರಲಿನಿಂದಲೂ ಲೋಹದ ಹೊದಿಕೆಗೆ ಸೇರಿರುತ್ತವೆ. ಅರ್ತ್ ಇಲ್ಲದಿದ್ದರೆ ಹೊದಿಕೆ 230 ವೋಲ್ಟಿನ ಅರ್ಧದಷ್ಟಕ್ಕೆ ಏರಿ ನಿಲ್ಲುತ್ತದೆ. ಕರೆಂಟಿನ ಪ್ರಮಾಣ ಕಡಿಮೆ ಇರುವುದರಿಂದ ಜುಮ್ಮೆನ್ನುತ್ತದೆ ಅಷ್ಟೇ, ಆದರೆ ಅದೇ ಸ್ಥಿತಿಯಲ್ಲಿ ಮಾನಿಟರ್ ಕೇಬಲ್ ಚುಚ್ಚಿ ಪೋರ್ಟ್ ಸುಟ್ಟುಕೊಂಡವರಿದ್ದಾರೆ. ಎಲೆಕ್ಟ್ರಿಷಿಯನ್ ಕರೆಸಿ ಅರ್ತ್ ಪರೀಕ್ಷಿಸಿ. ಕೂಲರಿಗಿಂತ ಇದು ಮುಖ್ಯ ಎಂದೇ ನನ್ನ ಅಭಿಪ್ರಾಯ.

ಎಸ್‌ಎಂಪಿಎಸ್‌ನಿಂದ 24 ಪಿನ್ನಿನ ದೊಡ್ಡ ಕೇಬಲ್ಲನ್ನೂ ಬೋರ್ಡಿನ ಮೇಲ್ಮೂಲೆಯ 8 ಪಿನ್ನಿನ ಪ್ರೊಸೆಸರ್ ಕೇಬಲ್ಲನ್ನೂ ಚುಚ್ಚಿ. ಮಾನಿಟರನ್ನು ಬೋರ್ಡಿನ ಎಚ್‌ಡಿಎಂಐಗೆ ಹಾಕಿ. ನಿಮ್ಮ ಪ್ರೊಸೆಸರಿನಲ್ಲೇ ಚಿಕ್ಕದೊಂದು ಗ್ರಾಫಿಕ್ಸ್ ಇದೆ, ಕಾರ್ಡ್ ಇಲ್ಲದೆಯೂ ಚಿತ್ರ ಬರುತ್ತದೆ. ಆನ್ ಮಾಡಿದ ಮೇಲೆ ಗಡಿಯಾರ ನೋಡಿಕೊಂಡು ಹತ್ತು ಹದಿನೈದು ನಿಮಿಷ ಸುಮ್ಮನೆ ಕೂತಿರಿ. ಬೋರ್ಡಿನ ಮೇಲೆ ‘ಡಿರ‍್ಯಾಮ್’ ಎಂದು ಬರೆದ ಸಣ್ಣ ದೀಪ ಉರಿಯುತ್ತಿದ್ದರೆ ಅದು ದೋಷವೆಂದುಕೊಳ್ಳಬೇಡಿ. ಟ್ರೈನಿಂಗ್ ನಡೆಯುತ್ತಿರುತ್ತದೆ. ಆ ನಡುವೆ ಆಫ್ ಮಾಡಿದರೆ ಮತ್ತೆ ಮೊದಲಿನಿಂದ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಒಬ್ಬರೇ ಇದ್ದರೆ ಕೈ ತಡೆಯುವುದಿಲ್ಲ.

ಬಯಾಸ್ (ಬೋರ್ಡಿನೊಳಗಿನ ಮೂಲ ತಂತ್ರಾಂಶ) ತೆರೆದೊಡನೆ ಮೊದಲ ಕೆಲಸ ಕರೆಂಟ್ ಬಳಕೆ ತಗ್ಗಿಸುವ ಇಕೋ ಮೋಡ್ ಹುಡುಕಿ 65 ವ್ಯಾಟಿಗೆ ಇಳಿಸುವುದು. 7600ಎಕ್ಸ್ ಅನ್ನು ಅದರ ಪಾಡಿಗೆ ಬಿಟ್ಟರೆ ಸಾಕೆಟ್ಟಿನಿಂದ 142 ವ್ಯಾಟ್ ತನಕ ಎಳೆಯಬಲ್ಲದು. 65ರ ಲೆಕ್ಕಕ್ಕೆ ಇಳಿಸಿದರೆ 88 ವ್ಯಾಟಿಗೆ ನಿಲ್ಲುತ್ತದೆ. ಪುಟ್ಟ ರೇತ್ ಸ್ಟೆಲ್ತ್‌ಗೆ ಅದು ತೂಗಿಸಬಲ್ಲ ಹೊರೆ. ವೇಗದಲ್ಲಿ ಆಗುವ ಕಡಿತ ಮಗಳ ಕಣ್ಣಿಗೆ ಬೀಳುವಷ್ಟಿರದು. ಆಮೇಲೆ ರ‍್ಯಾಮ್ 32 ಜಿಬಿ ತೋರಿಸುತ್ತಿದೆಯೇ, ಎಸ್‌ಎಸ್‌ಡಿ ಕಾಣುತ್ತಿದೆಯೇ ನೋಡಿ. ಆಪರೇಟಿಂಗ್ ಸಿಸ್ಟಂ ಹಾಕಿ, ಪ್ರತಿಯೊಂದು ಯುಎಸ್‌ಬಿ ಪೋರ್ಟಿಗೂ ಪೆನ್‌ಡ್ರೈವ್ ಚುಚ್ಚಿ, ಲ್ಯಾನ್, ಆಡಿಯೊ, ವೈಫೈ ಎಲ್ಲವನ್ನೂ ಪರೀಕ್ಷಿಸಿ. ಬದಲಿಸಿಕೊಳ್ಳುವ ಅವಧಿ ಮುಗಿಯುವ ಮುನ್ನ ಗೊತ್ತಾಗಬೇಕಾದ್ದು ಇಷ್ಟೇ. ಒಂದು ಸಂಜೆಯ ಕೆಲಸ.

ಹಳೆಯ ಕೂಲರ್ ಸಿಗದಿದ್ದರೆ? ಬೋರ್ಡು, ಪ್ರೊಸೆಸರ್, ರ‍್ಯಾಮ್, ಎಸ್‌ಎಂಪಿಎಸ್ ಇಷ್ಟನ್ನು ತೆಗೆದುಕೊಂಡು ನಿಮ್ಮೂರಿನ ಅದೇ ಅಂಗಡಿಗೆ ಹೋಗಿ, ಅವರ ಬಳಿಯ ಯಾವುದಾದರೂ ಎಎಂ4 ಕೂಲರ್ ಹಾಕಿ ಆನ್ ಮಾಡಿ ತೋರಿಸಿ ಎಂದು ಕೇಳಿ. ದುಡ್ಡು ಕೊಟ್ಟೇ ಕೇಳಿ, ಅದು ಅವರ ಕಸುಬು. ನಿಮ್ಮ ಎದುರಿಗೇ ಮಾಡಿಸಿ, ಬಿಟ್ಟುಬರಬೇಡಿ. ಇದಕ್ಕಾಗಿಯೇ ಎಸ್.ಪಿ. ರಸ್ತೆಗೆ ಮತ್ತೆ ಬಸ್ಸು ಹತ್ತುವ ಅಗತ್ಯವಿಲ್ಲ.

ಅದೂ ಆಗದಿದ್ದರೆ ಇವತ್ತೇ ಮಾರಾಟಗಾರರಿಗೆ ಬರೆಯಿರಿ: ಕೂಲರ್ ಬಾರದ ಕಾರಣ ಬೋರ್ಡು ಪರೀಕ್ಷಿಸಲಾಗಿಲ್ಲ, ಅವಧಿ ವಿಸ್ತರಿಸಿ ಎಂದು. ಫೋನಿನಲ್ಲಿ ಹೇಳಿದ್ದು ನಿಲ್ಲುವುದಿಲ್ಲ, ಬರಹದಲ್ಲಿರಲಿ. ಒಪ್ಪಲೇಬೇಕೆಂದೇನೂ ಇಲ್ಲ, ಒಪ್ಪಿದವರನ್ನು ನೋಡಿದ್ದೇನೆ. ಬಿಚ್ಚುವಾಗಿನ ವಿಡಿಯೊ ಇದ್ದರೆ ಅಳಿಸಬೇಡಿ. ನ್ಯಾಯವಾದ ದೂರಿಗೂ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಮತ್ತೆ ಇದನ್ನೂ ತಿಳಿದಿರಿ: ಆ 7 ದಿನ ಮಾರಾಟಗಾರರು ಬದಲಿಸಿಕೊಡುವ ಅವಧಿ. ತಯಾರಕರ ವಾರಂಟಿ ಬೇರೆ, ಮದರ್‌ಬೋರ್ಡಿಗೂ ಪೆಟ್ಟಿಗೆಯ ಪ್ರೊಸೆಸರಿಗೂ ಅದು ಸಾಮಾನ್ಯವಾಗಿ 3 ವರ್ಷ. ಎಂಟನೇ ದಿನ ದೋಷ ಕಂಡರೆ ದುಡ್ಡು ಮುಳುಗುವುದಿಲ್ಲ. ಸರ್ವಿಸ್ ಸೆಂಟರಿಗೆ ಓಡಾಟ, ಕಾಯುವ ವಾರಗಳು ಜಾಸ್ತಿಯಾಗುತ್ತವೆ. ಬಿಲ್ಲು ಮತ್ತು ಪೆಟ್ಟಿಗೆ ಇಟ್ಟುಕೊಂಡಿದ್ದರೆ ಸಾಕು.

ಕೂಲರ್ ಇಲ್ಲದೆಯೇ ಬೋರ್ಡಿಗೆ ಕರೆಂಟ್ ಕೊಟ್ಟು ಮಾಡಬಹುದಾದ ಕೆಲಸ ಒಂದೇ ಒಂದಿದೆ. ನಿಮ್ಮ ಬೋರ್ಡಿನ ಹಿಂಬದಿ ಪೋರ್ಟುಗಳ ಹತ್ತಿರ ‘ಬಯಾಸ್ ಫ್ಲ್ಯಾಶ್‌ಬ್ಯಾಕ್’ ಅಥವಾ ಅಂಥದೇ ಹೆಸರಿನ ಗುಂಡಿ ಇದೆಯೇ ನೋಡಿ. ಇದ್ದರೆ ಪ್ರೊಸೆಸರ್ ಕೆಲಸಕ್ಕೆ ಏಳದೆಯೇ ಹೊಸ ಬಯಾಸ್ ತುಂಬಬಹುದು. ಎಫ್‌ಎಟಿ32 ರೂಪದ ಪೆನ್‌ಡ್ರೈವಿಗೆ ಬೋರ್ಡು ಕಂಪನಿಯ ಫೈಲು ಹಾಕಿ, ಕೈಪಿಡಿ ಹೇಳಿದ ಹೆಸರಿಟ್ಟು, ಎರಡು ಪವರ್ ಕೇಬಲ್ ಚುಚ್ಚಿ ಆ ಗುಂಡಿ ಮಾತ್ರ ಒತ್ತಬೇಕು. ಯಂತ್ರದ ಪವರ್ ಗುಂಡಿಯನ್ನಲ್ಲ. ಪಕ್ಕದ ದೀಪ ಮಿನುಗುತ್ತ ಹೋಗಿ ನಿಂತರೆ ಮುಗಿಯಿತು. ಬೋರ್ಡಿನ ಒಂದು ಭಾಗವಾದರೂ ಜೀವಂತವಾಗಿದೆ ಎಂಬ ಸಮಾಧಾನವೂ ಸಿಗುತ್ತದೆ. 2023ರ ಏಪ್ರಿಲ್‌ನಲ್ಲಿ ಕೆಲವು 7000 ಸರಣಿಯ ಎಕ್ಸ್3ಡಿ ಪ್ರೊಸೆಸರುಗಳು ಸಾಕೆಟ್ಟಿನಲ್ಲೇ ಸುಟ್ಟಾಗ, ಬಯಾಸ್ ಮೂಲಕವೇ ಒಂದು ವೋಲ್ಟೇಜನ್ನು 1.3ಕ್ಕೆ ಮಿತಿಗೊಳಿಸಿದರು. ಹಾಗಾಗಿ ಹಳೆಯ ದಾಸ್ತಾನಿನ ಬೋರ್ಡಿಗೆ ಈ ಕೆಲಸ ಮಾಡಿಸುವುದು ಒಳ್ಳೆಯದು. ಕರೆಂಟ್ ಹೋಗುವ ಹೊತ್ತಿನಲ್ಲಿ ಮಾತ್ರ ಬೇಡ, ಯುಪಿಎಸ್ ಇದ್ದರೆ ಅದರ ಮೇಲೆ ಮಾಡಿ.

ನೀವು ಕೇಳದ ಒಂದು ವಿಷಯ ಹೇಳಲೇಬೇಕು. ಕೂಲರನ್ನು ಎರವಲು ತರುವ ಹುಮ್ಮಸ್ಸಿನಲ್ಲಿ ಎಸ್‌ಎಂಪಿಎಸ್ ಕೇಬಲ್ಲನ್ನು ಎರವಲು ತರಬೇಡಿ. ಕಳಚಿ ಹಾಕುವ ಕೇಬಲ್ಲುಗಳ ಎಸ್‌ಎಂಪಿಎಸ್ ಕಡೆಯ ತುದಿಗೆ ಎಲ್ಲ ಕಂಪನಿಗೂ ಒಪ್ಪಿದ ಒಂದು ನಿಯಮವಿಲ್ಲ. ಒಂದೇ ಕಂಪನಿಯ ಎರಡು ಮಾದರಿಗಳಲ್ಲೂ ಬೇರೆಬೇರೆ ಇರಬಹುದು. ಆಕಾರ ಒಂದೇ, ಕ್ಲಿಪ್ಪು ಟಕ್ ಎಂದು ಕೂರುತ್ತದೆ, ಒಳಗಿನ ವೈರುಗಳ ಜಾಗ ಮಾತ್ರ ಅದಲುಬದಲು. ಒಬ್ಬರು ಹೀಗೆ ಹಾರ್ಡ್ ಡಿಸ್ಕಿನ ಕೇಬಲ್ ಸಾಲದೆ ಹಳೆಯ ಎಸ್‌ಎಂಪಿಎಸ್‌ನದನ್ನು ಹಾಕಿಕೊಂಡಿದ್ದರು. 5 ವೋಲ್ಟ್ ಹೋಗಬೇಕಾದಲ್ಲಿ 12 ವೋಲ್ಟ್ ಹೋಯಿತು. ಡಿಸ್ಕಿನಿಂದ ಸುಟ್ಟ ವಾಸನೆ, ಅದರಲ್ಲಿ ಮಗಳ ಮದುವೆಯ ಫೋಟೊಗಳಿದ್ದವು. ಆ ಡಿಸ್ಕನ್ನು ಕೈಯಲ್ಲಿ ಹಿಡಿದು ಅವರು ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತದ್ದು ಇನ್ನೂ ಕಣ್ಣ ಮುಂದಿದೆ. ಹಾಗೆಯೇ 8 ಪಿನ್ನಿನ ಪ್ರೊಸೆಸರ್ ಕೇಬಲ್ಲು ಮತ್ತು 8 ಪಿನ್ನಿನ ಗ್ರಾಫಿಕ್ಸ್ ಕೇಬಲ್ಲು ನೋಡಲು ಅಕ್ಕತಂಗಿಯರಂತಿದ್ದರೂ ಒಂದೇ ಅಲ್ಲ. ಮೊದಲನೆಯದು ನಾಲ್ಕು ನಾಲ್ಕಾಗಿ, ಎರಡನೆಯದು ಆರು ಎರಡಾಗಿ ಬಿಡಿಸಿಕೊಳ್ಳುತ್ತದೆ. ಬಲವಂತ ಮಾಡಿ ತುರುಕಬೇಡಿ.

ಬಿಚ್ಚಿಟ್ಟರೆ ಹಾಳಾಗುತ್ತದೆಯೇ ಎಂಬುದಕ್ಕೆ ಚುಟುಕಾಗಿ ಹೇಳುತ್ತೇನೆ. 12 ದಿನಕ್ಕೆ ದಾವಣಗೆರೆಯ ಗಾಳಿ ಬೋರ್ಡಿಗೆ ಏನೂ ಮಾಡದು. ಉಡುಪಿ, ಕಾರವಾರದ ಜೂನ್ ತಿಂಗಳಾಗಿದ್ದರೆ ಬೋರ್ಡನ್ನು ಚೀಲಕ್ಕೆ ಹಾಕಿ ಸಿಲಿಕಾ ಜೆಲ್ ಪೊಟ್ಟಣ ಜೊತೆಗಿಡಿ ಅನ್ನುತ್ತಿದ್ದೆ. ನಿಮ್ಮಲ್ಲಿ ಕಾಯಬೇಕಾದ್ದು ಧೂಳು, ಇರುವೆ ಮತ್ತು ಹಲ್ಲಿ. ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆರೆದು ರಾತ್ರಿಯಿಡೀ ಬಿಡಬೇಡಿ. ಎಸ್‌ಎಂಪಿಎಸ್ ಒಳಗೆ ಹೊಕ್ಕ ಹಲ್ಲಿ ತಾನೂ ಸತ್ತು ಅದನ್ನೂ ಕೊಂದದ್ದನ್ನು ಬಿಚ್ಚಿ ನೋಡಿದ್ದೇನೆ. ಪ್ರೊಸೆಸರ್ ಹಾಕದೆ ಕಾಯುವುದಾದರೆ ಸಾಕೆಟ್ಟಿನ ಮುಚ್ಚಳ ಮುಚ್ಚಿಯೇ ಇರಲಿ. ಸ್ಥಿರ ವಿದ್ಯುತ್ತಿನ ಭಯಕ್ಕೆ, ಪಾಲಿಯೆಸ್ಟರ್ ಬಟ್ಟೆ ಬಿಟ್ಟು ಹತ್ತಿ ಬಟ್ಟೆ ತೊಟ್ಟು, ಬೋರ್ಡು ಮುಟ್ಟುವ ಮುನ್ನ ಕ್ಯಾಬಿನೆಟ್ಟಿನ ಬಣ್ಣ ಬಳಿಯದ ಲೋಹವನ್ನು ಒಮ್ಮೆ ಮುಟ್ಟಿಕೊಳ್ಳಿ.

ಪರೀಕ್ಷೆ ಮುಗಿದ ಮೇಲೆ ಕ್ಯಾಬಿನೆಟ್ ಕೆಲಸಕ್ಕೆ ಇಳಿಯಿರಿ. ಬೋರ್ಡಿನ ತೂತುಗಳಿರುವ ಕಡೆಗಷ್ಟೇ ಹಿತ್ತಾಳೆಯ ಸ್ಟ್ಯಾಂಡಾಫ್ (ಬೋರ್ಡನ್ನು ಎತ್ತಿ ಹಿಡಿಯುವ ಪುಟ್ಟ ಕಂಬ) ಇರಬೇಕು, ತೂತಿಲ್ಲದ ಕಡೆ ಒಂದು ಉಳಿದರೂ ಅದು ಬೋರ್ಡಿನ ಬೆನ್ನಿಗೆ ತಾಗಿ ಶಾರ್ಟ್ ಆಗುತ್ತದೆ. ಪ್ರೊಸೆಸರಿನ 8 ಪಿನ್ ಕೇಬಲ್ಲನ್ನು ಬೋರ್ಡು ಬಿಗಿಯುವ ಮೊದಲೇ ಹಿಂದಿನಿಂದ ಹಾಯಿಸಿ. ದೊಡ್ಡ ಕೂಲರ್ ಕೂತ ಮೇಲೆ ಆ ಮೂಲೆಗೆ ಬೆರಳು ಹೋಗುವುದಿಲ್ಲ. ಆರ್ಡರ್ ಮಾಡಿರುವ ಕೂಲರಿನ ಎತ್ತರವನ್ನು ಕ್ಯಾಬಿನೆಟ್ಟಿನ ಕೈಪಿಡಿಯಲ್ಲಿ ಬರೆದಿರುವ ಗರಿಷ್ಠ ಎತ್ತರಕ್ಕೆ ಈಗಲೇ ಹೋಲಿಸಿ. ಗೋಪುರದಂಥ ಕೂಲರುಗಳು 155, 160 ಮಿಲಿಮೀಟರ್ ಇರುವುದು ಸಾಮಾನ್ಯ, ಸಣ್ಣ ಕ್ಯಾಬಿನೆಟ್ಟಿನ ಬಾಗಿಲು ಮುಚ್ಚದೇ ಹೋಗಬಹುದು. ಹೊಂದುವುದಿಲ್ಲವೆಂದಾದರೆ ಪಾರ್ಸೆಲ್ ಹೊರಡುವ ಮೊದಲೇ ರದ್ದುಮಾಡಿ ಬೇರೆಯದನ್ನು ತರಿಸಿ.

ಹೊಸ ಕೂಲರ್ ಬಂದ ದಿನ ರೇತ್ ಸ್ಟೆಲ್ತನ್ನು ಬಿಚ್ಚಿ ಅಣ್ಣನ ಮಗನಿಗೆ ಪೇಸ್ಟಿನ ಟ್ಯೂಬಿನ ಸಮೇತ ಹಿಂದಿರುಗಿಸಿ, ಅವನೂ ಹೊಸದಾಗಿ ಹಚ್ಚಬೇಕಲ್ಲ. ನಿಮ್ಮ ಹೊಸ ಕೂಲರನ್ನು ಕೂರಿಸುವ ಮುನ್ನ ಬೋರಲು ಹಾಕಿ ತಳವನ್ನು ಬೆಳಕಿಗೆ ಹಿಡಿಯಿರಿ. ಅಲ್ಲಿ ತೆಳ್ಳನೆಯ ಪಾರದರ್ಶಕ ಹಾಳೆ ಅಂಟಿಸಿರುತ್ತಾರೆ, ಅದನ್ನು ಸುಲಿದು ತೆಗೆದ ಮೇಲಷ್ಟೇ ಸ್ಕ್ರೂಡ್ರೈವರ್ ಕೈಗೆ ತೆಗೆದುಕೊಳ್ಳಿ.